ಡಿಸೈನ್ ಸ್ಟುಡಿಯೋ ಮನೆಗೆ ಬಂದರೆ ಎಷ್ಟು ಉಳಿತಾಯ?

ಐದಾರು ಮಂದಿ ಸೇರಿ ನಡೆಸುವ ಡಿಸೈನ್ ಸ್ಟುಡಿಯೋಗಳು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಇವೆ. ಲೋಗೋ, ಮದುವೆ ಆಮಂತ್ರಣ, ಪುಸ್ತಕದ ಮುಖಪುಟ, ಶಾಲೆಯ ಬ್ರೋಷರು, ಖಾರದಪುಡಿ ಪ್ಯಾಕೆಟ್ಟು, ವೆಬ್‌ಸೈಟು ಎಲ್ಲವೂ ಇವರ ಕೈಯಲ್ಲೇ ಆಗುತ್ತವೆ. 2020ರ ಲಾಕ್‌ಡೌನ್ ಇವರನ್ನೆಲ್ಲ ಮನೆಗೆ ಕಳಿಸಿತು. ಆಮೇಲೆ ಕೆಲವರು ಮನೆಯಲ್ಲೇ ಉಳಿದರು, ಕೆಲವರು ಆಫೀಸಿಗೆ ಮರಳಿದರು, ಇನ್ನು ಕೆಲವರು ಅರ್ಧ ಅಲ್ಲಿ ಅರ್ಧ ಇಲ್ಲಿ ಎಂಬಂತಿದ್ದಾರೆ. ಪರಿಸರದ ಲೆಕ್ಕ ಹಾಕಿದರೆ ತಕ್ಷಣ ಸರಿಪಡಿಸಿಕೊಳ್ಳಬೇಕಾದವರು ಈ ಮೂರನೆಯವರು. ಆಫೀಸಿನಲ್ಲೂ ಕರೆಂಟು ಓಡುತ್ತಿದೆ, ಮನೆಯಲ್ಲೂ ಓಡುತ್ತಿದೆ.

ಲೆಕ್ಕ ಹಾಕುವುದು ಕಷ್ಟವಲ್ಲ. ಆಫೀಸಿನ ಒಂದು ತಿಂಗಳ ಬೆಸ್ಕಾಂ ಬಿಲ್ಲು ಮತ್ತು ಯಾರು ಯಾವ ಗಾಡಿಯಲ್ಲಿ ಎಷ್ಟು ದೂರದಿಂದ ಬರುತ್ತಾರೆ ಎಂಬ ಪಟ್ಟಿ ಇದ್ದರೆ ಸಾಕು. ಉದಾಹರಣೆಗೆ ಜಯನಗರದಲ್ಲಿ ಆರು ಜನರ ಸ್ಟುಡಿಯೋ ಒಂದಿದೆ ಎಂದುಕೊಳ್ಳೋಣ. ಇಬ್ಬರು ಕಾರಿನಲ್ಲಿ ಬರುತ್ತಾರೆ, ಹೋಗಿಬರಲು ದಿನಕ್ಕೆ 30 ಕಿ.ಮೀ. ಮೂವರು ಸ್ಕೂಟರಿನವರು, 24 ಕಿ.ಮೀ. ಒಬ್ಬರು ಮೆಟ್ರೋ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ಕಾರಿಗೆ 12, ಸ್ಕೂಟರಿಗೆ 40 ಮೈಲೇಜ್ ಹಿಡಿದರೆ ಎರಡು ಕಾರುಗಳಿಂದ ದಿನಕ್ಕೆ ಹನ್ನೊಂದೂವರೆ ಕೆ.ಜಿ., ಮೂರು ಸ್ಕೂಟರುಗಳಿಂದ ನಾಲ್ಕು ಕೆ.ಜಿ. ಚಿಲ್ಲರೆ. ತಿಂಗಳಿಗೆ 22 ದಿನದ ಕೆಲಸವೆಂದರೆ ಒಟ್ಟು ಸುಮಾರು 340 ಕೆ.ಜಿ.

ಇನ್ನು ಆಫೀಸು. ಒಂದು ಎ.ಸಿ., ಆರು ಕಂಪ್ಯೂಟರು, ಪ್ರಿಂಟರು, ದೀಪ, ಕಾಫಿ ಮಷೀನು ಎಲ್ಲ ಸೇರಿ ತಿಂಗಳಿಗೆ 500 ಯೂನಿಟ್ ಆಗುತ್ತದೆ ಎನ್ನೋಣ. ನಮ್ಮ ದೇಶದ ಗ್ರಿಡ್ಡಿನ ಕರೆಂಟಿಗೆ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಲೆಕ್ಕ, ಅಂದರೆ 350 ಕೆ.ಜಿ. ಕಟ್ಟಡದಲ್ಲಿ ಡೀಸೆಲ್ ಜನರೇಟರ್ ಇದ್ದರೆ ಅದು ಬೇರೆ.

ಓಡಾಟದ ಪಾಲು ಮತ್ತು ಆಫೀಸಿನ ಪಾಲು ಹೆಚ್ಚುಕಡಿಮೆ ಸಮಸಮವಾದವು. ಎಲ್ಲರನ್ನೂ ಮನೆಗೆ ಕಳಿಸಿ ಆಫೀಸನ್ನು ಹಾಗೇ ಇಟ್ಟುಕೊಂಡರೆ ಉಳಿತಾಯದ ಅರ್ಧ ಅಲ್ಲೇ ಸೋರಿಹೋಗುತ್ತದೆ. ಮನೆಯ ಖರ್ಚನ್ನೂ ಸೇರಿಸಿ ನೋಡಿ. ಲ್ಯಾಪ್‌ಟಾಪು ಮತ್ತು ಮಾನಿಟರಿಗೆ 80 ವಾಟ್, ಹಳೆಯ ಸೀಲಿಂಗ್ ಫ್ಯಾನಿಗೆ 75, ಒಂದು ಟ್ಯೂಬಿಗೆ 20. ಎಂಟು ಗಂಟೆಗೆ 1.4 ಯೂನಿಟ್, ತಿಂಗಳಿಗೆ ತಲಾ 31 ಯೂನಿಟ್. ಆರು ಮನೆಗೆ ಸುಮಾರು 185 ಯೂನಿಟ್, ಅಂದರೆ 130 ಕೆ.ಜಿ. ಆಫೀಸನ್ನು ಪೂರ್ತಿ ಬಿಟ್ಟುಕೊಟ್ಟರೆ ನಿವ್ವಳ ಉಳಿತಾಯ ತಿಂಗಳಿಗೆ 560 ಕೆ.ಜಿ. ಆಫೀಸು ಮೊದಲಿನಂತೆಯೇ ಓಡುತ್ತಿದ್ದರೆ ಬರೀ 210. ದಿನಕ್ಕೆ ಇಬ್ಬರಂತೆ ಸರದಿಯ ಮೇಲೆ ಬಂದು ಎ.ಸಿ. ಹಾಕಿ ಕೂತರೆ 140ರ ಆಸುಪಾಸು. ಇಬ್ಬರಿಗೂ ಅದೇ ಎ.ಸಿ., ಆರು ಜನಕ್ಕೂ ಅದೇ ಎ.ಸಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಪೂರ್ತಿ ಮನೆಯಿಂದ ಕೆಲಸ ಮಾಡುವವರ ಇಂಗಾಲದ ಹೊರೆ ಆಫೀಸಿಗೆ ಹೋಗುವವರಿಗಿಂತ ಶೇ. 54ರವರೆಗೆ ಕಡಿಮೆಯಾಗಬಹುದು. ವಾರಕ್ಕೆ ಎರಡರಿಂದ ನಾಲ್ಕು ದಿನ ಮನೆಯಲ್ಲಿದ್ದರೆ ಶೇ. 11ರಿಂದ 29. ಒಂದೇ ದಿನವಾದರೆ ಶೇ. 2 ಮಾತ್ರ. ಆ ದೇಶದ ಕಾರು, ಹೀಟರು, ದೊಡ್ಡ ಮನೆಗಳ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ, ಆದರೆ ಏರುವ ಇಳಿಯುವ ದಾರಿ ಒಂದೇ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಿತ್ತು. ಕಾರಿನಲ್ಲಿ ಆರು ಕಿಲೋಮೀಟರಿಗಿಂತ ದೂರದಿಂದ ಬರುವವರು ಮನೆಯಲ್ಲಿ ಉಳಿದರೆ ಲಾಭ. ಹತ್ತಿರದಿಂದ ಬರುವವರು ಅಥವಾ ಬಸ್ಸು, ರೈಲು ಹಿಡಿಯುವವರು ಮನೆಯಲ್ಲಿ ಉಳಿದರೆ ಹೊರೆ ಸ್ವಲ್ಪ ಹೆಚ್ಚಲೂಬಹುದು. ಹಾಗಾಗಿ ನಿಮ್ಮ ಸ್ಟುಡಿಯೋದಲ್ಲಿ ಮೊದಲು ಮನೆಯಲ್ಲಿ ಉಳಿಯಬೇಕಾದವರು ಹೊಸಕೋಟೆಯಿಂದಲೋ ಯಲಹಂಕದಿಂದಲೋ ಕಾರಿನಲ್ಲಿ ಬರುವವರು. ಎರಡು ಕ್ರಾಸ್ ಆಚೆಯಿಂದ ನಡೆದುಬರುವವರ ವಿಷಯದಲ್ಲಿ ಅವಸರವಿಲ್ಲ.

ಆಫೀಸು ಬಿಡುವುದಾದರೆ

ಪೂರ್ತಿ ಬಿಡಲು ಮನಸ್ಸಾಗದಿದ್ದರೆ ಜಾಗ ಚಿಕ್ಕದು ಮಾಡಿ, ಎಲ್ಲರೂ ಸೇರುವ ದಿನವನ್ನು ಒಂದೇ ಮಾಡಿ. ಬುಧವಾರವೆಂದರೆ ಆರೂ ಜನಕ್ಕೆ ಬುಧವಾರ. ಉಳಿದ ದಿನ ಮೇನ್ ಸ್ವಿಚ್ಚೇ ಆಫ್. ಫ್ರಿಡ್ಜು, ನೀರಿನ ಡಿಸ್ಪೆನ್ಸರು, ರಾತ್ರಿಯಿಡೀ ಉರಿಯುವ ಬೋರ್ಡಿನ ದೀಪ ಯಾವುದೂ ಬೇಡ. ಸರ್ವರು ಅಥವಾ ಹಾರ್ಡ್‌ಡಿಸ್ಕ್ ಪೆಟ್ಟಿಗೆ ಸದಾ ಚಾಲೂ ಇರಬೇಕೆಂದಿದ್ದರೆ ಅದು ಯಾರಾದರೊಬ್ಬರ ಮನೆಗೆ ಹೋಗಲಿ, ಅವರಿಗೆ ಅದರ ಕರೆಂಟಿನ ಹಣ ಕೊಡಿ.

ಆಫೀಸು ಖಾಲಿ ಮಾಡುವಾಗ ಮಾನಿಟರು, ಕುರ್ಚಿ, ಮೇಜುಗಳನ್ನು ಗುಜರಿಗೆ ಹಾಕಿ ಪ್ರತಿಯೊಬ್ಬರ ಮನೆಗೂ ಹೊಸದು ತರಿಸುವ ಸ್ಟುಡಿಯೋಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಇದ್ದದ್ದನ್ನೇ ಹಂಚಿ, ಯಾರ ಬಳಿ ಯಾವುದಿದೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ತಯಾರಕರೇ ಪ್ರಕಟಿಸುವ ವರದಿಗಳ ಪ್ರಕಾರ ಒಂದು ಲ್ಯಾಪ್‌ಟಾಪು ನಮ್ಮ ಕೈಗೆ ಬರುವ ಮೊದಲೇ ಸಾಮಾನ್ಯವಾಗಿ 200ರಿಂದ 300 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಅದನ್ನು ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 250 ದಿನ ಬಳಸಿದರೂ ಕರೆಂಟಿನಿಂದ ಆಗುವುದು ಸುಮಾರು 70 ಕೆ.ಜಿ. ಅಂದರೆ ಹೊಸ ಲ್ಯಾಪ್‌ಟಾಪು ಕೊಳ್ಳುವುದೆಂದರೆ ಹಳೆಯದನ್ನು ಮೂರು ನಾಲ್ಕು ವರ್ಷ ಓಡಿಸಿದಷ್ಟು ಹೊರೆ. ನಿಧಾನವಾದ ಮಷೀನನ್ನು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಒಯ್ದು ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿಸಿ, ಬ್ಯಾಟರಿ ಬದಲಿಸಿದರೆ ಪುಸ್ತಕ ಲೇಔಟಿನಂಥ ಕೆಲಸಕ್ಕೆ ಇನ್ನೂ ಕೆಲವು ವರ್ಷ ಸಲೀಸಾಗಿ ಬರುತ್ತದೆ. ವಿಡಿಯೋ ಎಡಿಟಿಂಗ್, ತ್ರೀಡಿ ಮಾಡುವವರಿಗೆ ಮಾತ್ರ ದೊಡ್ಡ ಮಷೀನು ಬೇಕು.

ನಿಜವಾಗಿಯೂ ಕೆಟ್ಟುಹೋದದ್ದನ್ನು ಪರವಾನಗಿ ಇರುವ ಇ-ತ್ಯಾಜ್ಯ ಘಟಕಕ್ಕೆ ಕೊಡಿ. ದಾಬಸ್‌ಪೇಟೆಯ ಇ-ಪರಿಸರ 2005ರಿಂದ ಈ ಕೆಲಸದಲ್ಲಿದೆ, ದೇಶದಲ್ಲೇ ಮೊದಲ ಸಾಲಿನದು. ಕೊಡುವ ಮುಂಚೆ ಹಾರ್ಡ್‌ಡಿಸ್ಕನ್ನು ಪೂರ್ತಿ ಅಳಿಸಿ, ಅದರಲ್ಲಿ ಗ್ರಾಹಕರ ಫೈಲುಗಳಿರುತ್ತವೆ.

ಒಂದು ಕಾಗದದ ಕೆಲಸವೂ ಇದೆ. ಜಿಎಸ್‌ಟಿ ನೋಂದಣಿ ಇರುವವರು ವ್ಯವಹಾರದ ವಿಳಾಸ ಬದಲಾದ 15 ದಿನದೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ಮನೆಯ ವಿಳಾಸವನ್ನೂ ಕೊಡಬಹುದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ, ಕರೆಂಟು ಬಿಲ್ಲು ಸಿದ್ಧವಿರಲಿ.

ಮನೆಯ ಕರೆಂಟು ಯಾರ ಲೆಕ್ಕಕ್ಕೆ?

ಈ ಮಾತನ್ನು ಮಾಲೀಕರು ಸಾಮಾನ್ಯವಾಗಿ ಎತ್ತುವುದಿಲ್ಲ, ಕೆಲಸದವರು ಕೇಳಲು ಸಂಕೋಚಪಡುತ್ತಾರೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಇದು ಇನ್ನೂ ಸೂಕ್ಷ್ಮವಾಗಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್ಟಿಗಷ್ಟೇ ಅಲ್ಲ, ಇಡೀ ಬಿಲ್ಲನ್ನು ಕಟ್ಟಬೇಕು. ಮೊದಲು 180 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆಗೆ ನಿಮ್ಮ ಸ್ಟುಡಿಯೋದ 31 ಯೂನಿಟ್ ಸೇರಿದರೆ 211 ಆಗುತ್ತದೆ. ಆಫೀಸಿನ ಬಾಡಿಗೆ ಉಳಿಸಿಕೊಂಡ ಮಾಲೀಕರು ಆ ಹೊರೆಯನ್ನು ತಿಂಗಳ ಸಂಬಳದ ಹುಡುಗಿಯ ಮನೆಯವರ ಮೇಲೆ ಹಾಕುವುದು ನ್ಯಾಯವಲ್ಲ. ಕರೆಂಟು ಮತ್ತು ಇಂಟರ್‌ನೆಟ್ಟಿಗೆ ತಿಂಗಳಿಗೊಂದು ನಿಗದಿತ ಭತ್ಯೆ ಕೊಡಿ, ಸಂಬಳದ ಜತೆ ಬೇರೆಯಾಗಿ ತೋರಿಸಿ.

ಭತ್ಯೆಗಿಂತ ಒಳ್ಳೆಯದು ಬಳಕೆಯನ್ನೇ ಇಳಿಸುವುದು. ಹಳೆಯ ಫ್ಯಾನಿನ ಜಾಗಕ್ಕೆ ಬಿಎಲ್‌ಡಿಸಿ ಫ್ಯಾನು ಹಾಕಿಸಿದರೆ 75 ವಾಟಿನ ಕಡೆ 30ರ ಆಸುಪಾಸಿಗೆ ಬರುತ್ತದೆ. ಕೆಲಸದ ಹೊತ್ತಿಗೇ ತಿಂಗಳಿಗೆ ಎಂಟು ಯೂನಿಟ್ ಉಳಿತಾಯ, ರಾತ್ರಿಯದು ಬೇರೆ. ದೀಪಾವಳಿಗೆ ಸಿಹಿಡಬ್ಬಿ ಕೊಡುವ ಸ್ಟುಡಿಯೋ ಒಂದು ವರ್ಷ ಪ್ರತಿಯೊಬ್ಬರಿಗೂ ಇಂಥದೊಂದು ಫ್ಯಾನು ಕೊಡಲಿ. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪು 200 ವಾಟ್ ಎಳೆಯುವ ಕಡೆ ಲ್ಯಾಪ್‌ಟಾಪು 50ರಲ್ಲಿ ಮುಗಿಸುತ್ತದೆ. ಕರೆಂಟು ಹೋದಾಗ ಯುಪಿಎಸ್ಸಿನ ಹಂಗೂ ಇರುವುದಿಲ್ಲ.

ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ವಾಟ್ ಮೀಟರೊಂದನ್ನು ಸ್ಟುಡಿಯೋದ ಖರ್ಚಿನಲ್ಲಿ ಕೊಂಡು ಒಬ್ಬೊಬ್ಬರ ಮನೆಗೆ ಒಂದೊಂದು ವಾರ ಕಳಿಸಿ. ಮೇಜಿನ ಎಕ್ಸ್‌ಟೆನ್ಷನ್ ಬೋರ್ಡನ್ನು ಅದರ ಮೂಲಕ ಜೋಡಿಸಿ, ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಮೀಟರಿನ ಪುಟ್ಟ ಪರದೆ ನೋಡಿ. ಅಂಕಿ ಸೊನ್ನೆಗೆ ಬರುವುದಿಲ್ಲ. ಪ್ರಿಂಟರಿನ ಹಸಿರು ದೀಪ, ಸ್ಪೀಕರು, ಯುಪಿಎಸ್ಸಿನೊಳಗಿನ ಟ್ರಾನ್ಸ್‌ಫಾರ್ಮರು, ಯಾರೂ ಬಳಸದ ಸ್ಕ್ಯಾನರಿನ ಅಡಾಪ್ಟರು ಎಲ್ಲವೂ ಸ್ವಲ್ಪ ಸ್ವಲ್ಪ ಎಳೆಯುತ್ತಿರುತ್ತವೆ. ಒಂದೊಂದನ್ನೇ ಕಿತ್ತರೆ ಅಂಕಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಹಾಗೆ ಕಂಡವರು ಮರುದಿನದಿಂದ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ ಏಳುತ್ತಾರೆ.

ಬೆಂಗಳೂರು, ಮೈಸೂರು, ಹಾಸನದ ಮನೆಗಳಲ್ಲಿ ಕಿಟಕಿ ತೆರೆದರೆ ವರ್ಷದ ಬಹುಪಾಲು ಎ.ಸಿ. ಬೇಕಿಲ್ಲ. ಕಲಬುರಗಿ, ರಾಯಚೂರಿನಲ್ಲಿ ಕೂತು ಕೆಲಸ ಮಾಡುವವರಿಗೆ ಏಪ್ರಿಲ್–ಮೇ ತಿಂಗಳಲ್ಲಿ ಈ ಉಪದೇಶ ಮಾಡಬೇಡಿ. ಅವರು ಬೆಳಿಗ್ಗೆ ಆರಕ್ಕೆ ಶುರುಮಾಡಿ ಮಧ್ಯಾಹ್ನ ಬಿಡುವು ಪಡೆಯುವಂತೆ ವೇಳೆ ಬದಲಿಸಿಕೊಳ್ಳಲು ಬಿಡಿ. ವಿಡಿಯೋ ಕರೆಯಲ್ಲಿ ಕ್ಯಾಮೆರಾ ಆಫ್ ಮಾಡಿ ಭೂಮಿ ಉಳಿಸಿ ಎನ್ನುವ ಸಲಹೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮೇಲೆ ಹೇಳಿದ 2023ರ ಅಧ್ಯಯನದಲ್ಲೂ ಕಂಪ್ಯೂಟರು, ಇಂಟರ್‌ನೆಟ್ಟಿನ ಪಾಲು ತೀರಾ ಸಣ್ಣದೆಂದು ಕಂಡಿದೆ. ಮುಖ ನೋಡಿ ಮಾತಾಡಿ.

ಒಂದು ಒತ್ತು ತಪ್ಪಿದರೆ

ಡಿಸೈನರುಗಳಾದ ನಮ್ಮ ದೊಡ್ಡ ಹೊರೆ ಮನೆಯಲ್ಲೂ ಇಲ್ಲ, ಆಫೀಸಿನಲ್ಲೂ ಇಲ್ಲ. ಅದು ಪ್ರೆಸ್ಸಿನಲ್ಲಿದೆ. ನಾಲ್ಕು ಪುಟದ ಎ4 ಬ್ರೋಷರನ್ನು 170 ಜಿಎಸ್ಎಂ ಆರ್ಟ್ ಪೇಪರಿನಲ್ಲಿ 5,000 ಪ್ರತಿ ಮುದ್ರಿಸಿದರೆ ಕಾಗದವೇ 106 ಕೆ.ಜಿ. ತಪ್ಪು ಸಿಕ್ಕಿ ಮರುಮುದ್ರಣವಾದರೆ ಅಷ್ಟೂ ರದ್ದಿ, ಪ್ಲೇಟು ಇಂಕು ಎಲ್ಲ ಇನ್ನೊಮ್ಮೆ. ಮನೆಯಿಂದ ಕೆಲಸ ಮಾಡುವಾಗ ಇಂಥ ತಪ್ಪು ನುಸುಳುವ ದಾರಿಗಳು ಹೆಚ್ಚು. ಪಕ್ಕದ ಸೀಟಿನವರು ಹೆಗಲ ಮೇಲಿಂದ ಇಣುಕಿ ‘ಇದೇನು ಹೀಗಿದೆ?’ ಎಂದು ಕೇಳುವುದಿಲ್ಲವಲ್ಲ.

ಕನ್ನಡದ ಕೆಲಸದಲ್ಲಿ ಇಂಥ ತಪ್ಪಿಗೆ ಮುಖ್ಯ ಕಾರಣ ಫಾಂಟು. ಗ್ರಾಹಕರು ಹಳೆಯ ನುಡಿ ಅಥವಾ ಬರಹದ ಆನ್ಸಿ ಫಾಂಟಿನಲ್ಲಿ ಟೈಪ್ ಮಾಡಿಸಿ ಕಳಿಸುತ್ತಾರೆ. ಒಬ್ಬರ ಮಷೀನಿನಲ್ಲಿ ಆ ಫಾಂಟಿದೆ, ಇನ್ನೊಬ್ಬರದರಲ್ಲಿ ಇಲ್ಲ. ಇಲ್ಲದ ಕಡೆ ಅಕ್ಷರ ಪೂರ್ತಿ ಕಲಸಿದರೆ ಭಯವಿಲ್ಲ, ಕೂಡಲೇ ಗೊತ್ತಾಗುತ್ತದೆ. ಯೂನಿಕೋಡಿಗೆ ಪರಿವರ್ತಿಸುವಾಗ ಎಲ್ಲೋ ಒಂದು ದೀರ್ಘ, ಒಂದು ಅರ್ಕಾವತ್ತು ತಪ್ಪಿದ್ದೇ ಪ್ರೆಸ್ಸಿನವರೆಗೆ ಹೋಗುವುದು. ಯೂನಿಕೋಡಿನದ್ದೇ ಇನ್ನೊಂದು ತೊಡಕಿದೆ. ಇನ್‌ಡಿಸೈನಿನಲ್ಲಿ ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆಯ್ಕೆಯಾಗಿಲ್ಲದಿದ್ದರೆ ಒತ್ತಕ್ಷರಗಳು ಒಡೆಯುತ್ತವೆ. ‘ಸ್ತ್ರೀ’ ಎಂದಿದ್ದದ್ದು ‘ಸ್‌ತ್‌ರೀ’ ಎಂದು ಬಿಡಿಬಿಡಿಯಾಗಿ ಕೂರುತ್ತದೆ. ಇಲಸ್ಟ್ರೇಟರಿನಲ್ಲೂ ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲೂ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆಯನ್ನು ಆನ್ ಮಾಡಿಟ್ಟಿರಬೇಕು. ಆಫೀಸಿನಲ್ಲಿ ಒಂದು ಮಷೀನು ಸರಿಯಿದ್ದರೆ ನಡೆಯುತ್ತಿತ್ತು. ಮನೆಗೆ ಹೋದಮೇಲೆ ಆರೂ ಮಷೀನುಗಳು ಒಂದೇ ತೆರನಾಗಿರಬೇಕು.

ಅದಕ್ಕೊಂದು ಪರೀಕ್ಷಾ ಪುಟ ಮಾಡಿಟ್ಟುಕೊಳ್ಳಿ. ಸ್ತ್ರೀ, ರಾಷ್ಟ್ರ, ಸೂರ್ಯ, ಕೃಷ್ಣ, ಜ್ಞಾನ, ಕ್ಷೇತ್ರ, ಉಜ್ಜ್ವಲ, ಲಕ್ಷ್ಮೀ ಇಂಥ ಹತ್ತಿಪ್ಪತ್ತು ಪದಗಳು, ನೀವು ಬಳಸುವ ಪ್ರತಿ ಫಾಂಟಿನಲ್ಲಿ. ಹೊಸ ಮಷೀನು ಬಂದಾಗ, ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಮೊದಲು ಆ ಪುಟ ತೆರೆದು ನೋಡಬೇಕು. ಪ್ರೆಸ್ಸಿಗೆ ಹೋಗುವುದು ಫಾಂಟು ಒಳಸೇರಿಸಿದ ಪಿಡಿಎಫ್ ಅಥವಾ ಅಕ್ಷರಗಳನ್ನು ಔಟ್‌ಲೈನ್ ಮಾಡಿದ ಫೈಲು, ಬೇರೇನೂ ಅಲ್ಲ. ‘ಫೈನಲ್’, ‘ಫೈನಲ್ 2’, ‘ಫೈನಲ್ ಕರೆಕ್ಷನ್’ ಎಂದು ಹೆಸರಿಡುವ ಚಾಳಿ ಇವತ್ತೇ ನಿಲ್ಲಲಿ. ‘ಪ್ರೆಸ್ಸಿಗೆ’ ಎಂಬ ಒಂದೇ ಫೋಲ್ಡರು, ಅದಕ್ಕೆ ಫೈಲು ಹಾಕುವ ಅಧಿಕಾರ ಒಬ್ಬರಿಗೇ.

ಕರಡು ತಿದ್ದುವುದನ್ನು ಪೂರ್ತಿ ಪರದೆಯ ಮೇಲೇ ಮುಗಿಸಿ ಕಾಗದ ಉಳಿಸೋಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಸುತ್ತುಗಳೆಲ್ಲ ಪಿಡಿಎಫಿನಲ್ಲಿ ಆಗಲಿ. ಕೊನೆಯದನ್ನು ಮಾತ್ರ ಎರಡೂ ಬದಿ ಪ್ರಿಂಟ್ ತೆಗೆದು, ಕೈಯಲ್ಲಿ ಪೆನ್ನು ಹಿಡಿದು, ಡಿಸೈನ್ ಮಾಡಿದವರಲ್ಲದೆ ಬೇರೆಯವರು ಓದಬೇಕು. ಮದುವೆ ಆಮಂತ್ರಣವಾದರೆ ತಾರೀಖು, ವಾರ, ತಿಥಿ, ಮುಹೂರ್ತ ಒಂದಕ್ಕೊಂದು ಹೊಂದುತ್ತವೆಯೇ ಎಂದು ಪಂಚಾಂಗ ತೆರೆದು ನೋಡಬೇಕು. ಫೋನ್ ನಂಬರಿಗೆ ಒಮ್ಮೆ ಕರೆಮಾಡಿ ನೋಡಬೇಕು. ನಾಲ್ಕು ಹಾಳೆ ಬಳಸಿ ಕ್ವಿಂಟಾಲುಗಟ್ಟಲೆ ಕಾಗದ ಉಳಿಸುವ ಕೆಲಸ ಇದು.

ಅಳತೆ ನಿಗದಿ ಮಾಡುವ ಮುಂಚೆ ಪ್ರೆಸ್ಸಿನವರಿಗೆ ಒಂದು ಫೋನ್ ಮಾಡಿ, ಅವರಲ್ಲಿ ಯಾವ ಶೀಟಿದೆ ಕೇಳಿ. 18×23 ಇಂಚಿನ ಡೆಮಿ ಶೀಟಿನಲ್ಲಿ ಡೆಮಿ 1/8 ಅಳತೆಯ 16 ಪುಟ ಬರುತ್ತವೆ, ಅದು ಒಂದು ಫಾರಂ. ಪುಸ್ತಕ 96 ಪುಟವಾದರೆ ಆರು ಫಾರಂ ಸರಿಯಾಗಿ ಕೂರುತ್ತದೆ. 100 ಪುಟವಾದರೆ ಉಳಿದ ನಾಲ್ಕು ಪುಟಕ್ಕೆ ಮಷೀನು ಮತ್ತೆ ಏರಬೇಕು. ಆ ನಾಲ್ಕು ಪುಟವನ್ನು ಲೇಔಟಿನಲ್ಲೇ ಹಿಡಿಸುವುದು ಡಿಸೈನರಿನ ಕೆಲಸ, ಮನೆಯ ಮೇಜಿನ ಮೇಲೇ ಆಗುವಂಥದ್ದು. ಮುಖಪುಟಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಬದಲು ನೀರಿನ ವಾರ್ನಿಷ್ ಸಾಕಾಗುತ್ತದೆಯೇ ಎಂದು ಗ್ರಾಹಕರನ್ನು ಕೇಳಿ. ಲ್ಯಾಮಿನೇಷನ್ ಆದ ಕಾಗದ ಮತ್ತೆ ತಿರುಳಾಗುವುದು ಕಷ್ಟ. ಫ್ಲೆಕ್ಸಿನ ಮಾತೇ ಬೇಡ, ರಾಜ್ಯದಲ್ಲಿ ಅದಕ್ಕೆ 2016ರಿಂದಲೇ ನಿಷೇಧವಿದೆ. ಬಟ್ಟೆಯ ಬ್ಯಾನರಿಗೆ ಹೊಂದುವ ಡಿಸೈನನ್ನು ನಾವೇ ಮೊದಲು ಮುಂದಿಡಬೇಕು.

ಬಣ್ಣ ನೋಡಲು ಪ್ರತಿ ಕೆಲಸಕ್ಕೂ ರಾಜಾಜಿನಗರದ ಪ್ರೆಸ್ಸಿಗೆ ಗಾಡಿ ಹತ್ತಬೇಕಿಲ್ಲ. ಪ್ರೆಸ್ಸಿನವರು ವಾಟ್ಸ್ಆ್ಯಪಿನಲ್ಲಿ ಕಳಿಸುವ ಫೋಟೋ ನಂಬಿ ಬಣ್ಣ ಒಪ್ಪಲೂಬೇಡಿ, ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ಕೆಂಪು ಕಿತ್ತಳೆಯಾಗಿರುತ್ತದೆ. ಮಾನಿಟರಿನ ಬಣ್ಣ ಸರಿಪಡಿಸುವ ಕ್ಯಾಲಿಬ್ರೇಟರು ಸ್ಟುಡಿಯೋಗೆ ಒಂದೇ ಸಾಕು. ಸೇರುವ ದಿನ ಕೈಬದಲಾಗುತ್ತ ಎಲ್ಲರ ಮನೆಗೂ ಹೋಗಿಬರಲಿ. ಹಿಂದೆ ಮುದ್ರಿಸಿದ ಒಳ್ಳೆಯ ಪ್ರತಿಗೆ ಸಹಿ ಹಾಕಿ ‘ಇದೇ ಬಣ್ಣ’ ಎಂದು ಪ್ರೆಸ್ಸಿನಲ್ಲಿ ಇಟ್ಟಿರಿ. ಮುಖದ ಬಣ್ಣ, ತಿಂಡಿಯ ಬಣ್ಣ ಮುಖ್ಯವಾದ ಕೆಲಸಗಳಿಗೆ ಮಾತ್ರ ಖುದ್ದಾಗಿ ಹೋಗಿ, ಅದೂ ಎರಡು ಮೂರು ಕೆಲಸ ಒಂದೇ ದಿನ ಮಷೀನು ಏರುವಂತೆ ಮಾತಾಡಿಕೊಂಡು.

ಉಳಿದ ಪೆಟ್ರೋಲು ಉಳಿದೇ ಇರಲಿ

ಮನೆಯಲ್ಲೇ ಇರುವವರು ಮಧ್ಯಾಹ್ನ ತರಕಾರಿಗೆ, ಸಂಜೆ ಮಗುವಿನ ಕ್ಲಾಸಿಗೆ, ನಡುವೆ ಕೊರಿಯರಿಗೆ ಎಂದು ಗಾಡಿ ತೆಗೆಯುತ್ತಾರೆ. ಮೊದಲು ಆಫೀಸಿನಿಂದ ಬರುವ ದಾರಿಯಲ್ಲೇ ಮುಗಿಯುತ್ತಿದ್ದ ಕೆಲಸಗಳಿವು. ಅದಕ್ಕಿಂತ ದೊಡ್ಡದು ಊರು ಬದಲಿಸುವುದು. ಬೆಂಗಳೂರಿನಲ್ಲಿ ದಿನಕ್ಕೆ 20 ಕಿ.ಮೀ. ಕಾರು ಓಡಿಸುತ್ತಿದ್ದವರು ವಾರಕ್ಕೆ 100 ಕಿ.ಮೀ. ಓಡಿಸುತ್ತಿದ್ದರು. ಅವರೇ ತುಮಕೂರಿಗೆ ಮನೆ ಬದಲಿಸಿ ವಾರಕ್ಕೊಮ್ಮೆ ಮೀಟಿಂಗಿಗೆಂದು ಕಾರಿನಲ್ಲಿ ಬಂದರೆ ಒಂದೇ ದಿನಕ್ಕೆ 140 ಕಿ.ಮೀ. ಹೆದ್ದಾರಿಯ ಮೈಲೇಜು ಹೆಚ್ಚಿದ್ದರೂ ಉಳಿತಾಯವೇನೂ ಇಲ್ಲ. ತುಮಕೂರಿನಿಂದ ರೈಲುಗಳಿವೆ. ರೈಲಿನ ವೇಳೆ ನೋಡಿಯೇ ಮೀಟಿಂಗಿನ ವೇಳೆ ಗೊತ್ತುಮಾಡಿ, ಟಿಕೆಟ್ಟಿನ ಹಣ ಸ್ಟುಡಿಯೋ ಕೊಡಲಿ.

ಸೇರುವ ಜಾಗ ಮೆಟ್ರೋ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿರಲಿ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ ಪೂರ್ತಿಯಾಗಿದೆ, 2025ರ ಆಗಸ್ಟಿನಿಂದ ಬೊಮ್ಮಸಂದ್ರದ ಕಡೆಗೂ ಹಳದಿ ಮಾರ್ಗ ಓಡುತ್ತಿದೆ. ಗ್ರಾಹಕರನ್ನೂ ಅದೇ ದಿನ, ಅದೇ ಜಾಗಕ್ಕೆ ಕರೆಯಿರಿ.

ಆ ಒಂದು ದಿನವನ್ನು ಪರದೆ ನೋಡುತ್ತ ಕಳೆಯಬೇಡಿ. ಕಾಗದದ ಮಾದರಿಗಳನ್ನು ಮುಟ್ಟಿ ನೋಡುವುದು, ಮುದ್ರಿಸಿ ಬಂದದ್ದನ್ನು ಹರಡಿಕೊಂಡು ತಪ್ಪು ಹುಡುಕುವುದು, ಹೊಸಬರ ಸ್ಕೆಚ್ಚುಗಳನ್ನು ಪಕ್ಕದಲ್ಲಿ ಕೂತು ತಿದ್ದುವುದು ಇವಕ್ಕೇ ಮೀಸಲಿಡಿ. ಕಾಲೇಜು ಮುಗಿಸಿ ಈಗಷ್ಟೇ ಸೇರಿದವರಿಗೆ ವಾರಕ್ಕೆ ಒಂದು ದಿನ ಸಾಲದು. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಮೂವರೊಂದಿಗೆ ಇರುವವರಿಗೆ ಮನೆಯಲ್ಲಿ ಮೇಜು ಹಾಕಲೂ ಜಾಗವಿರುವುದಿಲ್ಲ. ಮೊದಲ ಆರು ತಿಂಗಳು ಅವರು ಹಿರಿಯ ಡಿಸೈನರೊಬ್ಬರ ಮನೆಗೆ, ಬಸ್ಸಿನಲ್ಲೋ ನಡೆದೋ ಹೋಗುವಷ್ಟು ಹತ್ತಿರದವರ ಮನೆಗೆ, ವಾರದಲ್ಲಿ ಎರಡು ಮೂರು ದಿನ ಬಂದು ಜತೆಯಲ್ಲಿ ಕೂರುವ ಏರ್ಪಾಡು ಮಾಡಿ. ಒಂದೇ ಫ್ಯಾನಿನ ಕೆಳಗೆ ಇಬ್ಬರ ಕೆಲಸವೂ ಆಗುತ್ತದೆ. ಆ ಮನೆಯವರಿಗೆ ಕೊಡುವ ಭತ್ಯೆಯಲ್ಲಿ ಎರಡನೆಯವರ ಕರೆಂಟು, ಕಾಫಿಯ ಲೆಕ್ಕವನ್ನೂ ಸೇರಿಸಿ.